ಖಾಜಾ ಹೊಲಿದ ಅಂಗಿ ತೊಟ್ಟು ಹಾಡು ಕೇಳಲು ಹೋದದ್ದು

ಬಳ್ಳಾರಿ, ಹೊರಡುವ ಮೊದಲು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕೌಲ್‌ಬಜಾರಿನ ಓಣಿಯಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ಚಳಿ ಇತ್ತೇ? ಊಟಕ್ಕೆ ಏನು ಮಾಡಿದಿರಿ? ನನ್ನನ್ನೂ ಕೇಳಿದರು. ಚಳಿ ಇರಲಿಲ್ಲ, ಅನ್ನ ಸಿಕ್ಕಿತು ಎಂದು ಹೇಳಿ ಒಳಗೆ ಹೋದೆ. ನಾನು ಅಷ್ಟು ದೂರ ಹೋದದ್ದು ಒಂದು ಹಾಡು ಕೇಳಿಕೊಂಡು ಬರಲಿಕ್ಕೆ. ಅದನ್ನು ಕೇಳಲಾಗಲಿಲ್ಲ ಎಂದು ಬಾಗಿಲಲ್ಲಿ ನಿಂತು ಯಾರಿಗೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಪಂಪಾಪತಿ. ಹುಟ್ಟಿದ್ದು ಕುರುಗೋಡಿನಲ್ಲಿ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದೆ. ಯಂತ್ರಗಳ ನಡುವೆ ನಿಂತು ನಿಂತು ನನ್ನ ಕಿವಿ ಹೋಯಿತು. ಪೂರ್ತಿ ಹೋಗಿಲ್ಲ. ಹತ್ತಿರ ಕುಳಿತು ದಪ್ಪ ದನಿಯಲ್ಲಿ ನಿಧಾನವಾಗಿ ಮಾತಾಡಿದರೆ ಒಂದಿಷ್ಟು ದಕ್ಕುತ್ತದೆ, ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತೇನೆ. ಕಿವಿಗೆ ಹಾಕುವ ಮಿಷಿನ್ನು ಕೊಡಿಸಿಕೊಂಡೆ. ಅದು ಸೀಟಿ ಹೊಡೆಯುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಈಗ ಟ್ರಂಕಿನಲ್ಲಿದೆ. ಇದು ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ನನ್ನ ಹೆಂಡತಿ ಗಂಗಮ್ಮನಿಗೆ ಮಾತ್ರ. ಖಾಜಾನಿಗೆ ಗೊತ್ತಿರಲಿಲ್ಲ.

ಖಾಜಾ ಹುಸೇನ್ ನನ್ನ ಗೆಳೆಯ. ಸಿರುಗುಪ್ಪದಲ್ಲಿ ದರ್ಜಿ. ವಯಸ್ಸಿನ ಕಾಲದಲ್ಲಿ ನಾವಿಬ್ಬರೂ ಕುರುಗೋಡಿನ ಭಜನಾ ಮೇಳದಲ್ಲಿದ್ದೆವು. ಅವನದು ಹಾರ್ಮೋನಿಯಂ, ನನ್ನದು ತಾಳ. ಹಾಡುವವರು ಒಂದು ತತ್ವಪದ ಹಿಡಿದರೆ ಅದು ಎಲ್ಲೆಲ್ಲಿಗೋ ಹೋಗಿ, ಸುತ್ತಿ, ತಿರುಗಿ ಪಲ್ಲವಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತಿತ್ತು. ಅವರು ಎಲ್ಲೇ ಹೋಗಲಿ, ತಾಳದವನು ಬಿಡಬಾರದು. ನಾನು ಬಿಟ್ಟವನಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಜಂಬ ಇತ್ತು.

ಆ ದಿನಗಳಲ್ಲಿ ಟೇಪ್ ಮಿಷಿನ್ನು ಹೊತ್ತುಕೊಂಡು ಡೇವ್ ಎಂಬ ಅಮೆರಿಕದ ಹುಡುಗ ಕುರುಗೋಡಿಗೆ ಬಂದ. ಎರಡು ತಿಂಗಳು ಇದ್ದು ನಮ್ಮ ಭಜನೆಯನ್ನೆಲ್ಲ ತುಂಬಿಕೊಂಡ. ಊರವರು ಅವನನ್ನು ಡೇವಪ್ಪ ಮಾಡಿದರು. ಹೋಗುವಾಗ ಅವನು ನಮಗೆ ಮೂರು ಕ್ಯಾಸೆಟ್ ಕೊಟ್ಟ. ಅವನ ದೇಶದ ಒಂದು ಜ್ಯಾಮ್ ಬ್ಯಾಂಡಿನವು. ಬಯಲಲ್ಲಿ ನಿಂತು ಒಂದೇ ಹಾಡನ್ನು ಗಂಟೆಗಟ್ಟಲೆ ಎಳೆಯುವ ಜನ. ಎತ್ತ ಹೋಗುತ್ತೇವೆಂದು ಅವರಿಗೇ ಗೊತ್ತಿರುವುದಿಲ್ಲವಂತೆ. ಖಾಜಾ ಮೊದಲ ಸಲ ಕೇಳಿ ಹೇಳಿದ, "ಏ ಪಂಪಣ್ಣ, ಇವರೂ ನಮ್ಮೋರೇ ಅದಾರಲ್ಲೋ."

ಮೂರನೇ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಒಂದು ಉದ್ದನೆಯ ಹಾಡಿತ್ತು. ಅದು ಏರಿ ಏರಿ ಇನ್ನೇನು ಮನೆ ಮುಟ್ಟಬೇಕು ಅನ್ನುವಾಗ ಟೇಪು ಮುಗಿದು ಗುಂಡಿ ಟಕ್ ಎಂದು ಮೇಲೆ ಬರುತ್ತಿತ್ತು. ಅದು ಹೇಗೆ ಮುಗಿಯುತ್ತದೆ ಎಂದು ನಮಗೆ ಗೊತ್ತೇ ಆಗಲಿಲ್ಲ. ಈಗ ಖಾಜಾನ ಫೋನಿನಲ್ಲಿ ಅದೇ ಹಾಡು ಬೇಕಾದಷ್ಟು ಸಿಗುತ್ತದೆ. ಆದರೆ ಒಂದೊಂದು ಸಲ ಒಂದೊಂದು ಥರ ಮುಗಿಯುತ್ತದೆ. "ಇವ್ಯಾವೂ ನಮ್ಮವಲ್ಲ" ಎಂದು ಅವನು ಫೋನು ಪಕ್ಕಕ್ಕಿಡುತ್ತಿದ್ದ.

ಖಾಜಾನ ಕಿಡ್ನಿ ಎರಡೂ ಹೋಗಿವೆ. ವಾರಕ್ಕೆ ಮೂರು ದಿನ ಸಿರುಗುಪ್ಪದಿಂದ ಬಳ್ಳಾರಿಗೆ ಬಂದು ರಕ್ತ ತೊಳೆಸಿಕೊಂಡು ಹೋಗುತ್ತಾನೆ. ಅದಕ್ಕೆಂದೇ ಅವನ ಎಡಗೈಯಲ್ಲಿ ಎರಡು ನರ ಕೂಡಿಸಿದ್ದಾರೆ. ಅಲ್ಲಿ ಕೈಯಿಟ್ಟರೆ ರಕ್ತ ಗುಂಯ್‌ಗುಡುವುದು ತಿಳಿಯುತ್ತದೆ. ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು, ಅದು ನಿಂತರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅವನಿಗೆ ಆಸ್ಪತ್ರೆ ಇಲ್ಲದ ಮಂಗಳವಾರ ನಾನು ಸಿರುಗುಪ್ಪಕ್ಕೆ ಹೋಗುತ್ತಿದ್ದೆ. ಇಬ್ಬರೂ ಕುಳಿತು ಕ್ಯಾಸೆಟ್ ಹಾಕುತ್ತಿದ್ದೆವು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಅವನ ಟೇಪಿನಲ್ಲಿ ಹಾಡಿಗೆ ತಕ್ಕಂತೆ ಕುಣಿಯುವ ಕೆಂಪು ದೀಪಗಳಿದ್ದವು. ಐದು ವರ್ಷ ಆ ದೀಪಗಳನ್ನು ನೋಡಿ ತಾಳ ಹಾಕಿದ್ದೇನೆ.

ಹೀಗಿರುವಾಗ ಡೇವಪ್ಪನ ಸುದ್ದಿ ಬಂತು. ಬ್ಯಾಂಡಿನವರಿಗೆ ವಯಸ್ಸಾಗಿದೆ, ಇದೇ ಅವರ ಕಡೆಯ ಬೇಸಿಗೆ, ಇಬ್ಬರೂ ಬರ್ರಿ, ನಾ ಕರಸ್ಕೊಂತೀನಿ ಎಂದು. ಖಾಜಾ ಹೋಗುವಂತಿರಲಿಲ್ಲ.

"ನೀ ಹೋಗು," ಅಂದ. "ಹೋಗಿ, ಅದು ಹೆಂಗ ಮುಗಿತೈತಿ ಕೇಳ್ಕೊಂಡು ಬಾ. ಡೇವಪ್ಪನ ಟೇಪು ಬ್ಯಾಡ ನಂಗ, ಮಂದಿ ಟೇಪು ಬ್ಯಾಡ. ನೀ ಎಲ್ಲಿ ನಿಂತಿರ್ತಿ ಅಲ್ಲಿಂದ ನಂಗ ಕೇಳಬೇಕು."

ಅದಕ್ಕಾಗಿ ಅವನು ಒಂದು ಅಂಗಿ ಹೊಲಿದ. ಎದೆಯ ನಟ್ಟನಡುವೆ ಒಂದು ಕಿಸೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ರೆಕಾರ್ಡರ್ ಕೂರುವಂತೆ. ದನಿ ಒಳಗೆ ಹೋಗಲು ಗುಂಡಿ ಕಾಜಿನಂಥ ಒಂದು ತೂತು. ಅಷ್ಟು ಸೋತಿದ್ದರೂ ಹೊಲಿಗೆ ನೆಟ್ಟಗಿತ್ತು.

ಗಂಗಮ್ಮ ಮೂರು ಸಲ ಹೇಳಿದಳು. "ಖಾಜಾಣ್ಣಗ ಹೇಳಿಬಿಡ್ರಿ. ಪಾಪ, ನಿಮ್ಮನ್ನ ನಂಬ್ಯಾನ." ನಾನು ಹೇಳಲಿಲ್ಲ. ಅವನ ಮಂಗಳವಾರ ಹಾಳಾಗುತ್ತದೆ ಎಂದು ಅವಳಿಗೆ ಸಬೂಬು ಕೊಟ್ಟೆ. ನಿಜ ಅಂದರೆ, ಹೇಳಿದ್ದರೆ ಅವನು ನನ್ನನ್ನು ಕಳಿಸುತ್ತಿರಲಿಲ್ಲ. ನನಗೆ ಹೋಗುವ ಆಸೆ ಇತ್ತು. ಬಯಲಿನಲ್ಲಿ ಅಷ್ಟು ದೊಡ್ಡ ಸ್ಪೀಕರು ಕಟ್ಟಿದರೆ ಸತ್ತ ಕಿವಿಗೂ ಕೇಳಿಸೀತು ಎಂದು ನಂಬಿದ್ದೆ.

ಗಡಿಯ ಕಿಟಕಿ

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಗಿರಣಿಯಂತೆಯೇ ಗುಡುಗುತ್ತಿತ್ತು, ಚೆನ್ನಾಗಿ ನಿದ್ದೆ ಬಂತು. ನಡುವೆ ಇಳಿದ ಊರಿನಲ್ಲಿ ನನ್ನ ಹೆಸರನ್ನು ಮೈಕಿನಲ್ಲಿ ಕೂಗಿ ಕೂಗಿ ಸುಸ್ತಾಗಿ, ಕೊನೆಗೆ ಒಬ್ಬಾಕೆ ಬಂದು ಭುಜ ಹಿಡಿದು ಅಲ್ಲಾಡಿಸಿದಳು. ನಾನು ವಿಮಾನದ ಬಾಗಿಲಿಗೆ ಎದುರಾಗಿಯೇ ಕುಳಿತಿದ್ದೆ.

ಅಮೆರಿಕದ ಗಡಿಯಲ್ಲಿ ಗಾಜಿನ ಕಿಟಕಿ. ಒಳಗೊಬ್ಬ ಅಧಿಕಾರಿ. ಅವನು ಏನೇನು ಕೇಳುತ್ತಾನೆಂದು ಖಾಜಾ ಮೊದಲೇ ನನಗೆ ಬಾಯಿಪಾಠ ಮಾಡಿಸಿದ್ದ. ಯಾಕೆ ಬಂದಿರಿ, ಎಷ್ಟು ದಿನ, ಯಾರ ಮನೆ. ಆದರೆ ಅಧಿಕಾರಿಗೆ ನಮ್ಮ ಪಾಠದ ಸರತಿ ಎಲ್ಲಿ ಗೊತ್ತು? ಗಾಜಿನ ಹಿಂದೆ ಅವನ ತುಟಿ ಅಲ್ಲಾಡಿದಾಗಲೆಲ್ಲ ನಾನು ಮುಂದಿನ ಉತ್ತರ ಹೇಳುತ್ತಾ ಹೋದೆ. ಹಾಡು ಕೇಳಲಿಕ್ಕೆ. ಹನ್ನೆರಡು ದಿನ. ಡೇವ್. ಅವನು ನನ್ನನ್ನೇ ನೋಡಿದ. ಆಮೇಲೆ ಪಕ್ಕದ ಕೋಣೆಗೆ ಕರೆದೊಯ್ದರು. ಪೆಟ್ಟಿಗೆ ತೆಗೆಸಿದರು. ಖಾಜಾನ ಅಂಗಿಯನ್ನು ಇಬ್ಬರು ಬೆಳಕಿಗೆ ಹಿಡಿದು ತೂತಿನಲ್ಲಿ ಬೆರಳು ಹಾಕಿ ನೋಡಿದರು. ನಾನು ರೆಕಾರ್ಡರ್ ಅದರಲ್ಲಿಟ್ಟು, ಎದೆ ಮುಟ್ಟಿಕೊಂಡು, ಎರಡು ಹೆಜ್ಜೆ ಕುಣಿದು ತೋರಿಸಿದೆ. ಅವರಿಗೆ ಏನು ಅರ್ಥವಾಯಿತೋ, ಬಿಟ್ಟರು.

ಡೇವಪ್ಪನ ಮನೆ

ಡೇವಪ್ಪ ಮುದುಕನಾಗಿದ್ದಾನೆ. ಗಡ್ಡ ಎದೆಗೆ ಇಳಿದಿದೆ, ಮೀಸೆ ಬಾಯಿ ಮುಚ್ಚಿದೆ. ಅವನನ್ನು ಕಂಡ ಖುಷಿಯಲ್ಲೇ ನನ್ನ ಜೀವ ಝಲ್ಲೆಂದಿತು. ತುಟಿ ಕಾಣಿಸುತ್ತಿರಲಿಲ್ಲ.

ಕುರುಗೋಡಿನಲ್ಲಿ ಕಲಿತ ಕನ್ನಡವನ್ನು ಅವನು ಮರೆತಿರಲಿಲ್ಲ. ಅಡಿಗೆಮನೆಯ ಮೇಜಿಗೆ ಹತ್ತಿರ ಕೂರಿಸಿ, "ಕುಂದ್ರಿ ಪಂಪಣ್ಣ, ಉಣ್ರಿ, ನಾಚ್ಕಿ ಮಾಡ್ಕ್ಯಾಬ್ಯಾಡ್ರಿ" ಎಂದ. ಅದು ಕೇಳಿಸಿತು. ಅನ್ನದ ಮೇಲೆ ಮೊಸರು ಸುರಿದು, ಪಕ್ಕದಲ್ಲಿ ಹಸಿ ಮೆಣಸಿನಕಾಯಿ ಇಟ್ಟಿದ್ದ. ಉಳಿದ ದಿನ ಅವನು ಹೇಳಿದ್ದರಲ್ಲಿ ನೂರಕ್ಕೆ ಹತ್ತು ಮಾತು ನನಗೆ ದಕ್ಕಿರಬಹುದು. ನಾನು ನಗುತ್ತಿದ್ದೆ, ತಲೆ ಆಡಿಸುತ್ತಿದ್ದೆ, "ಹೌದ್ರಿ" ಅನ್ನುತ್ತಿದ್ದೆ. ನನಗಾಗಿ ಅಷ್ಟೆಲ್ಲ ಮಾಡಿದವನ ಎದುರು ಹನ್ನೆರಡು ದಿನ ನಾಟಕ ಆಡಿದೆ. ನೆನೆಸಿಕೊಂಡರೆ ಈಗಲೂ ಊಟ ರುಚಿಸುವುದಿಲ್ಲ.

ಅವನ ಊರು ಬಂಡೆಗಳ ಊರು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕುರುಗೋಡಿನ ಗುಡ್ಡವೇ ಎದುರಿಗೆ ಬಂದು ಕುಳಿತಂತಿತ್ತು. ಬಣ್ಣ ಮಾತ್ರ ಕೆಂಪು. ಒಂದು ಸಂಜೆ ಅವನು ಹಳೆಯ ಡಬ್ಬಿ ತೆಗೆದು ನಮ್ಮ ಭಜನೆಯ ಟೇಪು ಹಾಕಿದ. ನನ್ನ ಮುಖ ನೋಡುತ್ತಾ ಕುಳಿತ. ಅದರಲ್ಲಿ ನನ್ನ ತಾಳ ಇತ್ತು, ಹರೆಯದ ಖಾಜಾನ ಹಾರ್ಮೋನಿಯಂ ಇತ್ತು. ನನಗೆ ಕೇಳಿಸಿದ್ದು ಗೋಡೆಯಾಚೆ ಯಾರೋ ಕಂಬಳಿ ಝಾಡಿಸಿದಂಥ ಸದ್ದು. ಕಣ್ಣಲ್ಲಿ ನೀರು ಬಂತು. ಹಾಡಿಗೆ ಬಂತೆಂದು ಡೇವಪ್ಪ ತಿಳಿದು ನನ್ನ ಬೆನ್ನು ಸವರಿದ.

ಬಯಲು, ಮಧ್ಯಾಹ್ನ

ಕಾರ್ಯಕ್ರಮ ಇದ್ದದ್ದು ಒಂದು ಹುಲ್ಲಿನ ಇಳಿಜಾರಿನಲ್ಲಿ. ಜನ ಬೆಳಿಗ್ಗೆಯಿಂದಲೇ ಬಂದು ವಾಹನ ನಿಲ್ಲಿಸುವ ಬಯಲಿನಲ್ಲಿ ಒಲೆ ಹಚ್ಚಿದ್ದರು. ನಮ್ಮಲ್ಲಿ ಹೀಗೆ ಸೇರಿದರೆ ಮೊದಲು ನೆರಳು ಹುಡುಕುತ್ತೇವೆ. ಇವರು ನಟ್ಟ ಬಿಸಿಲಿನಲ್ಲಿ ಅಂಗಿ ಬಿಚ್ಚಿ, ಬರಿಗಾಲಲ್ಲಿ ಓಡಾಡುತ್ತಿದ್ದರು. ನನ್ನ ವಯಸ್ಸಿನವರೂ ಬಣ್ಣಬಣ್ಣದ ಬನಿಯನ್ನು ಹಾಕಿದ್ದರು. ಗುರುತಿಲ್ಲದವರು ಕರೆದು ರೊಟ್ಟಿ ಕೊಟ್ಟರು. ಒಬ್ಬ ಮುದುಕ ನೋಟ್‌ಬುಕ್ಕು ತೆರೆದು ತೋರಿಸಿದ. ಅವನು ಹೋದ ಕಛೇರಿಗಳಲ್ಲಿ ಯಾವ ಹಾಡಾದ ಮೇಲೆ ಯಾವ ಹಾಡು ಬಂತೆಂದು ಪುಟಗಟ್ಟಲೆ ಬರೆದಿದ್ದ. ಪಕ್ಕದವನು ಒಂದು ಸಾಲಿನ ಮೇಲೆ ಬೆರಳಿಟ್ಟು ತಕರಾರು ತೆಗೆದ. ಇಬ್ಬರೂ ಬಹಳ ಹೊತ್ತು ಕೈ ತಿರುಗಿಸಿ ಜಗಳಾಡಿದರು. ಖಾಜಾ ಇದ್ದಿದ್ದರೆ ಇವರ ನಡುವೆ ಹೋಗಿ ಕುಳಿತು ತೀರ್ಪು ಕೊಡುತ್ತಿದ್ದ.

ಕೆಲವರು ಒಂದು ಬೆರಳು ಎತ್ತಿ ಸುಮ್ಮನೆ ನಿಂತಿದ್ದರು. ಟಿಕೆಟ್ ಇಲ್ಲದವರು ಹಾಗೆ ನಿಲ್ಲುತ್ತಾರಂತೆ, ಹೆಚ್ಚಿಗೆ ಇದ್ದವರು ಕೊಡುತ್ತಾರಂತೆ. ನನ್ನ ಕಿಸೆಯಲ್ಲಿ ಡೇವಪ್ಪ ಮೊದಲೇ ಖಾಜಾನಿಗೆಂದು ಕೊಂಡಿದ್ದ ಟಿಕೆಟ್ ಇತ್ತು. ಕೊಡಬಾರದು, ಅವನಿಗೇ ಒಯ್ದು ಕೊಡಬೇಕು ಅಂದುಕೊಂಡಿದ್ದೆ. ಆದರೆ ಬಿಳಿ ಜಡೆಯ ಒಬ್ಬ ಹೆಂಗಸು ಬಿಸಿಲಲ್ಲಿ ಗಂಟೆಗಟ್ಟಲೆ ಬೆರಳೆತ್ತಿ ನಿಂತಿದ್ದಳು. ಅವನ ಜಾಗ ಖಾಲಿ ಇರುವುದು ಬೇಡ ಅನ್ನಿಸಿ ಕೊಟ್ಟೆ. ಅವಳು ನನ್ನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು.

ಇನ್ನೊಂದು ಸಂಗತಿ. ತಾಯಂದಿರು ಕೂಸುಗಳನ್ನೂ ಎತ್ತಿಕೊಂಡು ಬಂದಿದ್ದರು. ಪ್ರತಿ ಕೂಸಿನ ಎರಡೂ ಕಿವಿಗೆ ದಪ್ಪನೆಯ ಮುಚ್ಚಳ, ತೆಂಗಿನ ಚಿಪ್ಪಿನಷ್ಟು. ಸದ್ದಿಗೆ ಎಳೆ ಕಿವಿ ಕೆಡಬಾರದೆಂದು. ಒಂದು ಕೂಸು ಆ ಮುಚ್ಚಳದೊಳಗೆ ನಿದ್ದೆ ಮಾಡುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಮೂವತ್ತು ವರ್ಷದಲ್ಲಿ ನನ್ನ ಕಿವಿಗೆ ಒಂದು ಎಳೆ ಹತ್ತಿ ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಬಯಲು, ಸಂಜೆ

ಎಂಟು ಗಂಟೆಯಾದರೂ ಬಿಸಿಲಿತ್ತು. ಡೇವಪ್ಪ ತನ್ನ ಮೈಕಿನ ಕೋಲು ಹಿಡಿದು ಟೇಪು ಮಾಡುವವರ ಜಾಗಕ್ಕೆ ಹೋದ. ನಾನು ಖಾಜಾನ ಅಂಗಿ ತೊಟ್ಟು, ಎದೆಯ ಕಿಸೆಯಲ್ಲಿ ರೆಕಾರ್ಡರ್ ಒತ್ತಿ, ಜನರ ನಡುವೆ ನಿಂತೆ. ಬಿಳಿ ಜಡೆಯವಳು ಪಕ್ಕದಲ್ಲಿದ್ದಳು.

ಶುರುವಾಯಿತು. ನನಗೆ ತಿಳಿದದ್ದು ಅಂಗಾಲಿನಲ್ಲಿ. ನೆಲ ದಿಮ್ ದಿಮ್ ಅನ್ನುತ್ತಿತ್ತು, ಎದೆಯ ಗೂಡು ಅಲ್ಲಾಡುತ್ತಿತ್ತು. ಅದರ ಮೇಲೆ ಇರಬೇಕಾದದ್ದು ಏನೂ ಇರಲಿಲ್ಲ. ಗಿಟಾರಿಲ್ಲ, ದನಿಯಿಲ್ಲ. ವೇದಿಕೆಯಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಬೆರಳು ಓಡಿಸುತ್ತಿದ್ದ, ಅವನ ಬೆರಳಿನಿಂದ ನನ್ನ ಕಡೆಗೆ ಏನೂ ಬರುತ್ತಿರಲಿಲ್ಲ. ಸುತ್ತ ಸಾವಿರಾರು ಜನ ಒಟ್ಟಿಗೆ ನಕ್ಕರು, ಒಟ್ಟಿಗೆ ಕೈ ಎತ್ತಿದರು, ಕೆಲವರು ಅತ್ತರು. ಅವರಿಗೆಲ್ಲ ಏನೋ ಬಡಿಸುತ್ತಿದ್ದರು. ನಾನು ಎಲೆ ಹಾಕಿಕೊಂಡು ಕುಳಿತಿದ್ದೆ, ನನ್ನ ಎಲೆಗೆ ಬೀಳಲಿಲ್ಲ. ಭೂಮಿಯ ಇನ್ನೊಂದು ತುದಿಗೆ ಬಂದು ನಿಂತು ನನಗೆ ಖಾತ್ರಿಯಾಯಿತು. ಇನ್ನು ನನಗೆ ಹಾಡು ಎಂಬುದಿಲ್ಲ.

ಆದರೂ ಎದೆಯ ಮೇಲೆ ಖಾಜಾ ಕುಳಿತಿದ್ದನಲ್ಲ. ಅವನಿಗೆ ನಾನು ಸುಮ್ಮನೆ ನಿಂತದ್ದು ಕೇಳಬಾರದು ಅನ್ನಿಸಿತು. ಚಪ್ಪಾಳೆಯಲ್ಲಿ ತಾಳ ಹಿಡಿದೆ. ನಮ್ಮ ಕಡೆ ಕೇಳುವವನೂ ತಾಳ ಹಾಕುತ್ತಾನೆ, ಅದೇ ಅವನು ಕೇಳುತ್ತಿರುವುದಕ್ಕೆ ಗುರುತು. ಇಲ್ಲಿ ಜನ ಮೈಯೆಲ್ಲ ಕುಣಿಸುತ್ತಾರೆ, ಕೈ ತಟ್ಟುವುದಿಲ್ಲ. ಒಂದಿಬ್ಬರು ತಿರುಗಿ ನನ್ನನ್ನು ನೋಡಿದರು. ಮೆಚ್ಚಿದರು ಅಂದುಕೊಂಡೆ.

ನಮ್ಮ ಹಾಡಿನ ಹೆಸರು ಬರೆದ ಚೀಟಿಯನ್ನು ಬಿಳಿ ಜಡೆಯವಳಿಗೆ ಮೊದಲೇ ತೋರಿಸಿದ್ದೆ. ಕಡೆಯ ಹಾಡು ಅದೇ ಎಂದು ಅವಳು ಆ ಚೀಟಿಯ ಮೇಲೆ ಬೆರಳಿಟ್ಟು ಹೇಳಿದಳು. ಹೇಳದಿದ್ದರೆ ತಿಳಿಯುತ್ತಿರಲಿಲ್ಲ. ಅಂಗಾಲನ್ನು ನೆಲಕ್ಕೆ ಒತ್ತಿ ಹಿಡಿದು ತಾಳ ಹಾಕಿದೆ. ಹಾಡು ಏರುತ್ತಾ ಹೋದದ್ದು ಜನರ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ನೆಲದ ಸದ್ದು ನಿಂತಿತು. ನಾನು ಗಾಬರಿಯಾಗಲಿಲ್ಲ. ಹಾಡುವವನು ಆಲಾಪಕ್ಕೆ ಹೋದಾಗ ತಬಲಾ ನಿಲ್ಲುತ್ತದೆ, ತಾಳದವನು ಲೆಕ್ಕ ಹಿಡಿದುಕೊಂಡು ಕಾಯಬೇಕು, ಬಿಡಬಾರದು. ನಾನು ಬಿಡಲಿಲ್ಲ. ಸುತ್ತಲಿನವರು ಕಣ್ಣಲ್ಲಿ ನೀರು ತುಂಬಿಕೊಂಡು ಅಲ್ಲಾಡದೆ ನಿಂತಿದ್ದರು. ಎಷ್ಟು ಸೊಗಸಾದ ಆಲಾಪವೋ ಅಂದುಕೊಂಡೆ.

ಬಿಳಿ ಜಡೆಯವಳು ನನ್ನ ಎರಡೂ ಕೈಗಳನ್ನು ಮೆಲ್ಲಗೆ ಹಿಡಿದುಕೊಂಡಳು. ಬಿಡಲೇ ಇಲ್ಲ. ಪಾಪ, ದುಃಖ ತಡೆಯಲಾಗದೆ ಆಸರೆಗೆ ಹಿಡಿದಿದ್ದಾಳೆ ಎಂದು ನಾನೂ ಸುಮ್ಮನಾದೆ. ಗಂಗಮ್ಮನಿಗೆ ಇದನ್ನು ಹೇಗೆ ಹೇಳುವುದು ಎಂದೂ ಒಂದು ಯೋಚನೆ ಬಂತು. ಸ್ವಲ್ಪ ಹೊತ್ತಿಗೆ ಬಯಲೆಲ್ಲ ಕೈಯೆತ್ತಿ ಕೂಗಿತು. ವೇದಿಕೆಯ ಮುದುಕರು ಬಗ್ಗಿ ನಮಸ್ಕಾರ ಮಾಡಿದರು. ಮುಗಿದಿತ್ತು. ಹೇಗೆ ಮುಗಿಯಿತು ಎಂದು ನನಗೆ ಗೊತ್ತಾಗಲಿಲ್ಲ.

ವಾಪಸು ಬರುವಾಗ ಡೇವಪ್ಪ ಗಾಡಿ ಓಡಿಸುತ್ತಾ ದಾರಿಯುದ್ದಕ್ಕೂ ಮಾತಾಡಿದ. ಒಮ್ಮೆ ನನ್ನ ಮೊಣಕಾಲು ತಟ್ಟಿದ. ನಾನು ಹೌದ್ರಿ, ಹೌದ್ರಿ ಅಂದೆ. ಏನು ಹೇಳಿದನೋ ಇವತ್ತಿಗೂ ತಿಳಿಯದು.

ಸಿರುಗುಪ್ಪ, ಮಂಗಳವಾರ

ಬಂದ ಮೂರನೇ ದಿನ ಸಿರುಗುಪ್ಪಕ್ಕೆ ಹೋದೆ. ಖಾಜಾ ಹೊಲಿಗೆ ಮಿಷಿನ್ನಿನ ಪಕ್ಕದ ಮಂಚದಲ್ಲಿ ಒರಗಿದ್ದ. ಇನ್ನಷ್ಟು ಇಳಿದಿದ್ದ. ಚಾದರ ಎದೆತನಕ ಹೊದ್ದಿದ್ದ. ಹೇಗಿತ್ತು ಎಂದು ಕೇಳಲಿಲ್ಲ. "ಮೊದಲ ಕೇಳತೀನಿ, ಆಮ್ಯಾಲ ಮಾತು," ಅಂದ. ರೆಕಾರ್ಡರನ್ನು ಸ್ಪೀಕರಿಗೆ ಸಿಕ್ಕಿಸಿ ಕಣ್ಣು ಮುಚ್ಚಿದ.

ನಾನು ಅವನ ಮುಖ ನೋಡುತ್ತಾ ಕುಳಿತೆ. ಈ ಸ್ಪೀಕರಿನಲ್ಲಿ ಕೆಂಪು ದೀಪ ಇರಲಿಲ್ಲ. ಮೊದಲು ಅವನು ನಕ್ಕ. ನನ್ನ ತಾಳ ಬಂದಿರಬೇಕು. ಮಂಚದ ಪಟ್ಟಿಯ ಮೇಲೆ ಅವನ ಬೆರಳು ಆಡತೊಡಗಿದವು. ಆಮೇಲೆ ನಿಂತವು. ಮತ್ತೆ ಹುಡುಕಿಕೊಂಡು ಆಡಿದವು, ಮತ್ತೆ ನಿಂತವು. ಹುಬ್ಬು ಗಂಟಾಯಿತು. ಎದೆಯ ಕಿಸೆಯ ಮುಂದೆಯೇ ಎರಡು ಕೈ ಬಡಿದರೆ ರೆಕಾರ್ಡರಿಗೆ ಇನ್ನೇನು ಕೇಳೀತು? ಅಂಗಿ ಹೊಲಿದವನೂ ತೊಟ್ಟವನೂ ಇದನ್ನು ಯೋಚಿಸಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ನನ್ನನ್ನೇ ನೋಡಿದ. ಹಾಡು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಇರಲಿ ಎಂದು ನಾನು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದೆ.

ಅವನು ಚಾದರವನ್ನು ಮೂಗಿನ ತನಕ ಎಳೆದುಕೊಂಡ. ಚಳಿಯಾಯಿತೇನೋ ಅಂದುಕೊಂಡೆ. ಚಾದರ ಅಲ್ಲಾಡಿತು, ಏನೋ ಕೇಳಿದ. ಕಣ್ಣು ನನ್ನ ಮೇಲೇ ಇತ್ತು.

"ಹೂಂ, ಹೌದು," ಅಂದೆ.

ಅವನು ಚಾದರ ಇಳಿಸಿದ. ಈಗ ತುಟಿ ಕಾಣಿಸಿತು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. "ನಿಂಗ ಕಿವಿ ಕೇಳಂಗಿಲ್ಲೇನೋ ಅಂತ ಕೇಳಿದೆ. ಹೌದು ಅಂದಿ."

ನಾನು ತಲೆ ತಗ್ಗಿಸಿದೆ. ಅವನು ನನ್ನ ಗದ್ದ ಹಿಡಿದು ಮೇಲೆತ್ತಿದ, ತನ್ನ ಮುಖ ಕಾಣುವ ಹಾಗೆ.

"ಯಾವಾಗಿಂದ?"

"ಐದು ವರ್ಷ ಆತು."

"ಮತ್ತ ಮಂಗಳವಾರ ತಾಳ ಹಾಕ್ತಿದ್ದೆಲ್ಲ?"

"ಟೇಪಿನ ದೀಪ ನೋಡಿ."

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಹಂಗಾರ ಐದು ವರ್ಷ ನಾ ಒಬ್ಬನೇ ಕೇಳೀನಿ ಅನ್ನು," ಅಂದ.

"ಹೆಂಗ ಮುಗಿತು ಅದು?" ಎಂದು ನಾನೇ ಕೇಳಿದೆ. ಕೇಳಿಕೊಂಡು ಬರಲು ಹೋದವನು ನಾನು, ಮಂಚದಲ್ಲಿದ್ದವನನ್ನು ಕೇಳಿದೆ.

"ಸುಮ್ಮನಾಗಿ ಮುಗಿತು. ಬಾರಿಸಾದು ಬಿಟ್ಟು ಎಲ್ಲಾರೂ ಸುಮ್ಮನ ನಿಂತಾರ. ಅಷ್ಟು ಮಂದಿ ಅದಾರ, ಒಬ್ಬರು ಕೆಮ್ಮಿಲ್ಲ. ಅದೇ ಅದರ ಕಡೀದು, ಆ ಸುಮ್ಮನಿರಾದು." ರೆಕಾರ್ಡರ್ ಕಡೆ ಬೆರಳು ಮಾಡಿದ. "ಅದರಾಗ ನೀ ಒಬ್ಬನೇ ಚಪ್ಪಾಳಿ ಹೊಡಿಯಾಕತ್ತಿ. ಆಮ್ಯಾಲ ಯಾರೋ ನಿನ್ನ ಕೈ ಹಿಡಕಂಡಾರ."

ಆಗ ಬಿಳಿ ಜಡೆಯವಳ ಕೈ ನೆನಪಾಯಿತು. ತಿರುಗಿ ನೋಡಿದ ಮುಖಗಳೆಲ್ಲ ನೆನಪಾದವು. ಆ ಮುದುಕರು ಬದುಕಿನುದ್ದಕ್ಕೂ ಬಾರಿಸಿ ಕೊನೆಗೊಂದು ಮೌನ ಇಟ್ಟಿದ್ದರು. ಅದನ್ನು ಸಾವಿರಾರು ಜನ ಎರಡು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಬಳ್ಳಾರಿಯಿಂದ ಹೋಗಿ ಅದನ್ನು ಒಡೆದು ಬಂದೆ. ಖಾಜಾನಿಗೂ ಆ ಒಡೆದದ್ದನ್ನೇ ತಂದುಕೊಟ್ಟೆ. ಇದನ್ನು ಹೇಳಿ ನಾನು ಅವನೆದುರು ಅತ್ತೆ. ನನ್ನ ಅಳುವೂ ನನಗೆ ಕೇಳಿಸಲಿಲ್ಲ.

ಖಾಜಾ ಸ್ಪೀಕರು ಆರಿಸಿದ. ಚಾದರದೊಳಗಿಂದ ಎಡಗೈ ಹೊರಗೆ ತೆಗೆದ. ನನ್ನ ಬಲಗೈ ಹಿಡಿದೆಳೆದು, ನರ ಉಬ್ಬಿದ ಜಾಗದ ಮೇಲೆ ಅಂಗೈ ಊರಿಸಿದ.

"ಇದು ಐತಾ?" ಅಂದ.

ಐತಿ. ಬಿಸಿಯಾಗಿ, ಎಡೆಬಿಡದೆ, ಗುಂಯ್ ಎಂದು ಹರಿಯುತ್ತಿತ್ತು. ನಡುವೆ ಅವನ ಎದೆಯ ಬಡಿತ ಒಂದೊಂದಾಗಿ ಬಂದು ಕೂಡುತ್ತಿತ್ತು. ನನ್ನ ಇನ್ನೊಂದು ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಖಾಜಾ ಅದನ್ನು ನೋಡಿ, "ಈಗ ಸರಿ ಐತಿ," ಅಂದ.

ಮಂಗಳವಾರ ಈಗಲೂ ಹೋಗುತ್ತೇನೆ. ಕ್ಯಾಸೆಟ್ ಹಾಕುವುದಿಲ್ಲ. ಅವನು ಕೈ ಚಾಚುತ್ತಾನೆ, ನಾನು ಅಂಗೈ ಇಟ್ಟು ಕೂರುತ್ತೇನೆ. ಕಳೆದ ವಾರ ಗುಂಯ್ ಸ್ವಲ್ಪ ಸಣ್ಣದಾಗಿತ್ತು. ಅವನಿಗೆ ಹೇಳಲಿಲ್ಲ, ಅವನಿಗೂ ಗೊತ್ತಿರಬೇಕು. ಇದು ಎಷ್ಟು ದಿನ ನಡೆಯುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ಆದರೆ ಇದು ಮುಗಿದಾಗ ನಾನು ತಾಳ ಹಾಕುತ್ತಾ ಕೂರುವುದಿಲ್ಲ. ಅಂಗೈ ಅದರ ಮೇಲೇ ಇರುತ್ತದೆ, ಮೊದಲು ತಿಳಿಯುವುದು ನನಗೇ.